ಕರ್ನಲ್ ಮೆಕೆಂಜಿ ಮತ್ತು ಗಡಿಯಾಚೆ ಉಳಿದ ಕಲಬುರಗಿ

1822ರಲ್ಲಿ ಕಲಬುರಗಿಯ ಶರಣಬಸವೇಶ್ವರರು ಲಿಂಗೈಕ್ಯರಾದರು. ಅದರ ಹಿಂದಿನ ವರ್ಷ, 1821ರ ಮೇ 8ರಂದು, ಕಲ್ಕತ್ತೆಯ ಸಮೀಪ ಕರ್ನಲ್ ಕಾಲಿನ್ ಮೆಕೆಂಜಿ ತೀರಿಕೊಂಡ. ಶರಣರು ಹುಟ್ಟಿದ್ದು 1746ರಲ್ಲಿ, ಜೇವರ್ಗಿ ಸೀಮೆಯ ಅರಳಗುಂಡಗಿಯ ಒಕ್ಕಲುತನದ ಮನೆಯಲ್ಲಿ. ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ತುದಿಯ ಲೂಯಿಸ್ ದ್ವೀಪದಲ್ಲಿ. ಒಂದೇ ಕಾಲದಲ್ಲಿ ಬಾಳಿದ್ದು ಬಿಟ್ಟರೆ ಇಬ್ಬರಿಗೂ ನಂಟಿಲ್ಲ. ಆದರೂ ಇಬ್ಬರನ್ನೂ ಒಟ್ಟಿಗೆ ನೆನೆಯಲು ನನಗೆ ಒಂದು ಕಾರಣವಿದೆ. ಮೈಸೂರು, ಚಿತ್ರದುರ್ಗ, ಬಳ್ಳಾರಿ ಕಡೆಯ ಸಣ್ಣಪುಟ್ಟ ಊರಿನವರೂ ಇನ್ನೂರು ವರ್ಷದ ಹಿಂದೆ ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಿದ್ದರು ಎಂಬುದು ಇಂದು ಅಚ್ಚಿನಲ್ಲಿ ಓದಲು ಸಿಗುತ್ತದೆ. ಅದಕ್ಕೆ ಕಾರಣ ಈ ಮೆಕೆಂಜಿ. ಕಲಬುರಗಿ ಸೀಮೆಗೆ ಆ ಭಾಗ್ಯ ಇಲ್ಲ. ಅದಕ್ಕೆ ಕಾರಣ ಒಂದು ಗಡಿ.

ಮೆಕೆಂಜಿ ಕಸುಬಿನಿಂದ ಸೇನೆಯ ಎಂಜಿನಿಯರ್. ನಾವಿಂದು ಎಂಜಿನಿಯರ್ ಎಂದರೆ ಸೇತುವೆ, ಅಣೆಕಟ್ಟು, ಕಂಪ್ಯೂಟರ್ ಎಂದುಕೊಳ್ಳುತ್ತೇವೆ. ಹದಿನೆಂಟನೆಯ ಶತಮಾನದಲ್ಲಿ ಆ ಹೆಸರಿಗೆ ಸಲ್ಲುತ್ತಿದ್ದವನು ಎರಡು ಕೆಲಸ ಬಲ್ಲವನು: ಕೋಟೆ ಕಟ್ಟುವುದು, ಕೋಟೆ ಒಡೆಯುವುದು. ಇವೆರಡಕ್ಕೂ ನೆಲದ ಏರುತಗ್ಗು ಗೊತ್ತಿರಬೇಕು, ದೂರ ಅಳೆಯಲು ಬರಬೇಕು. ಹಾಗಾಗಿ ನಕ್ಷೆ ಬರೆಯುವುದೂ ಅವನ ಪಾಲಿಗೇ ಬರುತ್ತಿತ್ತು. ಯುರೋಪಿನ ದೊರೆಗಳೆಲ್ಲ ಆಗ ಇಂಥವರನ್ನು ಸಾಕುತ್ತಿದ್ದರು. ಪ್ರಷ್ಯಾದಲ್ಲಿ ಇದೇ ತಲೆಮಾರಿನ ಫ್ರೀಡ್ರಿಕ್ ವಿಲ್ಹೆಲ್ಮ್ ಕಾರ್ಲ್ ಫಾನ್ ಶ್ಮೆಟ್ಟಾವ್ ಎಂಬ ಸೇನಾಧಿಕಾರಿ ಇದ್ದ. 1767ರಿಂದ 1787ರವರೆಗೆ ಇಪ್ಪತ್ತು ವರ್ಷ ದುಡಿದು ತನ್ನ ರಾಜ್ಯದ ನಕ್ಷೆಯನ್ನು ಹಾಳೆ ಹಾಳೆಯಾಗಿ ಬರೆಸಿದ. ನಕ್ಷೆ ಶತ್ರುವಿನ ಕೈಗೆ ಬಿದ್ದೀತು ಎಂದು ಅದನ್ನು ಹೊರಬಿಡಲಿಲ್ಲ. ಬರ್ಲಿನ್ನಿನಲ್ಲೇ ಗುಟ್ಟಾಗಿ ಇಡಲಾಯಿತು. ಶ್ಮೆಟ್ಟಾವ್ 1806ರಲ್ಲಿ ಆವರ್ಸ್ಟೆಟ್ ಕಾಳಗದಲ್ಲಿ ಫ್ರೆಂಚರ ಎದುರು ಗಾಯಗೊಂಡು ಸತ್ತ. ನಕ್ಷೆ ಎಂದರೆ ಆಗ ಮದ್ದುಗುಂಡಿನಷ್ಟೇ ಜೋಪಾನದ ವಸ್ತು. ಮೆಕೆಂಜಿಯ ನಕ್ಷೆಗಳೂ ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದದ್ದು ಇದೇ ಕಾರಣಕ್ಕೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮೆಕೆಂಜಿಯನ್ನು ಕನ್ನಡ ನಾಡಿನ ಪ್ರೇಮಿ ಎಂಬಂತೆ ಹೊಗಳುವ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ಆತ ಕಂಪನಿಯ ನೌಕರ. ದಂಡು ಎಲ್ಲಿ ಹೊಳೆ ದಾಟಬಹುದು, ಯಾವ ಊರಿನಿಂದ ಎಷ್ಟು ಕಂದಾಯ ಹುಟ್ಟೀತು ಎಂದು ತಿಳಿದು ಹೇಳುವುದು ಅವನ ಕೆಲಸವಾಗಿತ್ತು.

ಆತ ಬಂದ ದಾರಿ ಮಾತ್ರ ವಿಚಿತ್ರ. ತನ್ನ ಊರು ಸ್ಟಾರ್ನೋವೆಯ ಸುಂಕದ ಕಚೇರಿಯಲ್ಲಿ ನೌಕರಿ ಮಾಡಿಕೊಂಡಿದ್ದ. ಗಣಿತದಲ್ಲಿ ಆಸಕ್ತಿ ಇತ್ತು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ವಂಶದ ಲಾರ್ಡ್ ಫ್ರಾನ್ಸಿಸ್ ನೇಪಿಯರ್ ತನ್ನ ಹಿರಿಯನ ಚರಿತ್ರೆ ಬರೆಯಬೇಕೆಂದಿದ್ದ. ಅದಕ್ಕಾಗಿ ಹಿಂದೂಗಳ ಗಣಿತದ ಬಗ್ಗೆ ವಿಷಯ ಕೂಡಿಸಲು ಮೆಕೆಂಜಿಯ ನೆರವು ಪಡೆದ. ಲಾರ್ಡ್ ತೀರಿಕೊಂಡ, ಪುಸ್ತಕ ಹಾಗೇ ಉಳಿಯಿತು. ಮೆಕೆಂಜಿ 1783ರಲ್ಲಿ ಮದರಾಸಿಗೆ ಬಂದಿಳಿದಾಗ ಆ ಲಾರ್ಡನ ಮಗಳು ಹೆಸ್ಟರ್ ಜಾನ್‌ಸ್ಟನ್ ಗಂಡನೊಡನೆ ಮಧುರೆಯಲ್ಲಿದ್ದಳು. ಆಕೆಯ ಮನೆಗೆ ಹೋದ ಮೆಕೆಂಜಿ ಅಲ್ಲಿ ಪಂಡಿತರ ಒಡನಾಟ ಕಂಡ. ಹಳೆಯ ಬರಹಗಳನ್ನು ಕೂಡಿಸಬೇಕೆಂಬ ಆಸೆ ಹುಟ್ಟಿದ್ದು ಅಲ್ಲಿ. ಆದರೆ ದಂಡಿನ ಚಾಕರಿ ಅದಕ್ಕೆ ಹದಿಮೂರು ವರ್ಷ ಬಿಡುವು ಕೊಡಲಿಲ್ಲ ಎಂದು ಆತನೇ ಮುಂದೆ ಕೊರಗಿದ್ದುಂಟು.

ಬಿಡುವು ಸಿಗದ್ದಕ್ಕೆ ಕಾರಣ ಟಿಪ್ಪು ಸುಲ್ತಾನ. 1786ರಲ್ಲಿ ಕಾಲ್ದಳದಿಂದ ಎಂಜಿನಿಯರ್ ವಿಭಾಗಕ್ಕೆ ಸೇರಿದ ಮೆಕೆಂಜಿಗೆ ಮೂರನೆಯ ಮೈಸೂರು ಯುದ್ಧವೇ ಪಾಠಶಾಲೆಯಾಯಿತು. 1791ರಲ್ಲಿ ಬೆಂಗಳೂರು ಕೋಟೆ ಬಿತ್ತು, ಅದೇ ವರ್ಷ ನಂದಿದುರ್ಗ ಬಿತ್ತು, 1792ರಲ್ಲಿ ಶ್ರೀರಂಗಪಟ್ಟಣದ ಮೊದಲ ಮುತ್ತಿಗೆ ನಡೆಯಿತು. ಏಳು ವರ್ಷದ ಮೇಲೆ 1799ರಲ್ಲಿ ಕೊನೆಯ ಮುತ್ತಿಗೆಗೂ ಆತ ಬಂದ.

ಕೋಟೆ ಒಡೆಯುವುದೆಂದರೆ ಗೋಡೆಗೆ ಗುಂಡು ಹೊಡೆಯುತ್ತಾ ಕೂರುವುದಲ್ಲ. ಮುಕ್ಕಾಲು ಪಾಲು ಕೆಲಸ ಗುದ್ದಲಿಯದು. ರಾತ್ರಿ ಹೊತ್ತು, ಕೋಟೆಯ ತೋಪು ತಲುಪದಷ್ಟು ದೂರದಲ್ಲಿ, ಗೋಡೆಗೆ ಸಮಾನಾಂತರವಾಗಿ ಆಳುದ್ದದ ಕಾಲುವೆ ತೋಡುತ್ತಾರೆ. ಅಲ್ಲಿಂದ ಕೋಟೆಯತ್ತ ಇನ್ನೊಂದು ಕಾಲುವೆ ಹೊರಡುತ್ತದೆ. ನೇರ ತೋಡಿದರೆ ಬುರುಜಿನ ಮೇಲಿನಿಂದ ಹಾರಿಸಿದ ಒಂದೇ ಗುಂಡು ಇಡೀ ಸಾಲನ್ನು ಸೀಳಿಬಿಡುತ್ತದೆ. ಆದ್ದರಿಂದ ಅದು ಅಂಕುಡೊಂಕಾಗಿ ಹೋಗಬೇಕು. ಪ್ರತಿ ತಿರುವೂ ಯಾವ ಬುರುಜಿನ ಕಣ್ಣಿಗೂ ಬೀಳದಂತೆ ಲೆಕ್ಕ ಹಾಕಬೇಕು. ತೋಡಿದ ಮಣ್ಣನ್ನು ಬಿದಿರ ಬುಟ್ಟಿಗಳಿಗೆ ತುಂಬಿ ಅಂಚಿನಲ್ಲಿ ನಿಲ್ಲಿಸುತ್ತಾರೆ, ಮೇಲೆ ಕಟ್ಟಿಗೆಯ ಕಂತೆ ಹೇರುತ್ತಾರೆ. ಬೆಳಗಾಗುವುದರೊಳಗೆ ಎದೆಮಟ್ಟದ ಮರೆ ಏಳಬೇಕು. ಎದ್ದಿರದಿದ್ದರೆ ಆ ದಿನದ ಹೆಣಗಳ ಹೊಣೆ ಎಂಜಿನಿಯರನದು. ಹೀಗೆ ಹತ್ತಿರ ಹತ್ತಿರ ಸರಿದು ಕೊನೆಗೆ ದೊಡ್ಡ ತೋಪುಗಳನ್ನು ಕೂರಿಸಿ ಗೋಡೆಯ ಬುಡಕ್ಕೇ ಗುರಿ ಇಡುತ್ತಾರೆ. ತಲೆಗೆ ಹೊಡೆದರೆ ಪ್ರಯೋಜನವಿಲ್ಲ. ಬುಡ ಸಡಿಲಿದರೆ ಮೇಲಿನ ಕಲ್ಲುಮಣ್ಣು ಮುಂದಕ್ಕೆ ಕುಸಿದು, ಸಿಪಾಯಿ ಓಡಿ ಹತ್ತುವಂಥ ಇಳಿಜಾರು ತಾನಾಗಿಯೇ ಆಗುತ್ತದೆ. ಶ್ರೀರಂಗಪಟ್ಟಣದ ವಾಯವ್ಯ ಮೂಲೆಯಲ್ಲಿ ಆದದ್ದು ಇದೇ. ಮೇ 4ರ ಮಧ್ಯಾಹ್ನ, ಕಾವೇರಿಯಲ್ಲಿ ನೀರು ಕಡಿಮೆ ಇದ್ದಾಗ, ಕಂಪನಿಯ ದಂಡು ಆ ಬಿರುಕಿನಿಂದ ಒಳನುಗ್ಗಿತು. ಟಿಪ್ಪು ಸತ್ತ. ಮೆಕೆಂಜಿಯ ಕೆಲಸ ಕಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದ ವೆಲ್ಲಿಂಗ್ಟನ್, ಅವನಷ್ಟು ಶ್ರದ್ಧೆಯ ಅಧಿಕಾರಿ ಅಪರೂಪವೆಂದು ಮೆಚ್ಚಿದ.

ಕಲಬುರಗಿಯವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಪರದೇಶದಿಂದ ಬಂದ ಕಟ್ಟುವವರು, ಒಡೆಯುವವರು ಈ ಊರಿಗೆ ಹಳಬರು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನಿ ಇಲ್ಲಿ ರಾಜಧಾನಿ ಮಾಡಿದ ಮೇಲೆ ಎದ್ದ ಕೋಟೆಗೆ ಎರಡು ಸುತ್ತಿನ ಗೋಡೆ, ಹೊರಗೆ ಅಗಲವಾದ ಕಂದಕ. ಒಳಗೆ ನಡುದಿಬ್ಬದ ಮೇಲೆ ಬಾಲಾ ಹಿಸಾರ್. ಊರವರು ಅದನ್ನು ರಣಮಂಡಲ ಎನ್ನುತ್ತಾರೆ. 1367ರ ಜಾಮಿ ಮಸೀದಿಯನ್ನು ಕಟ್ಟಿದವನು ಇರಾನಿನ ಕಜ್ವೀನ್ ಪಟ್ಟಣದ ರಫಿ. ಎರಡನೆಯ ಸುಲ್ತಾನ ಮೊದಲನೆಯ ಮುಹಮ್ಮದ್ ಶಹಾ ವಿಜಯನಗರದ ಮೇಲೆ ಹೋದಾಗ ಅವನ ತೋಪುಖಾನೆಯಲ್ಲಿ ತುರ್ಕರೂ ಫರಂಗಿಗಳೂ ಇದ್ದರೆಂದು ಫೆರಿಷ್ತಾ ಬರೆಯುತ್ತಾನೆ. ಆತ ಬರೆದದ್ದು ಎರಡೂವರೆ ಶತಮಾನ ಕಳೆದ ಮೇಲೆ, ಬಿಜಾಪುರದಲ್ಲಿ ಕೂತು. ಆ ಮಾತನ್ನು ಇದ್ದ ಹಾಗೆ ನಂಬುವ ಇತಿಹಾಸಕಾರರು ಕಡಿಮೆ. ಇಂದು ಕೋಟೆ ನೋಡಲು ಹೋದವರಿಗೆ ಜನ ಮೊದಲು ತೋರಿಸುವುದು ಇಪ್ಪತ್ತೊಂಬತ್ತು ಅಡಿ ಉದ್ದದ ಒಂದು ತೋಪನ್ನು.

ಮೆಕೆಂಜಿಯ ಕಾಲಕ್ಕೆ ಈ ಕೋಟೆ ಹೈದರಾಬಾದಿನ ನಿಜಾಮನ ಕೈಯಲ್ಲಿತ್ತು. 1792ರಿಂದ 1798ರವರೆಗೆ ಮೆಕೆಂಜಿಯೂ ನಿಜಾಮನ ಸೀಮೆಯಲ್ಲೇ ಇದ್ದ. ನಿಜಾಮನ ನೆರವಿಗೆಂದು ಕಂಪನಿ ಇಟ್ಟಿದ್ದ ದಂಡಿಗೆ ಎಂಜಿನಿಯರ್ ಆಗಿ, ಸರ್ವೇಯರ್ ಆಗಿ ನೇಮಕಗೊಂಡಿದ್ದ. ನಡುವೆ ಸಿಂಹಳದ ದಂಡಯಾತ್ರೆಗೆ ಒಮ್ಮೆ ಹೋಗಿ ಬಂದದ್ದು ಬಿಟ್ಟರೆ ಈ ವರ್ಷಗಳು ದಖನ್ನಿನಲ್ಲಿ ಕಳೆದವು. ಟಿಪ್ಪುವಿನಿಂದ ಕಿತ್ತು ನಿಜಾಮನಿಗೆ ಕೊಟ್ಟ ಕಡಪ ಮೊದಲಾದ ಸೀಮೆಗಳನ್ನು ಮೊದಲು ಅಳೆದ. ಆಮೇಲೆ ನಿಜಾಮನ ಇಡೀ ರಾಜ್ಯದ ನಕ್ಷೆಯನ್ನು ಸಿದ್ಧಮಾಡಿದ. ಅದು ದಾರಿಗಳ ನಕ್ಷೆ: ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ, ಕೋಟೆ ಎಲ್ಲಿ, ಹೊಳೆ ಎಲ್ಲಿ. ಊರಿನ ಒಳಗೆ ಏನಿದೆ ಎಂದು ನೋಡುವ ಕೆಲಸ ಇನ್ನೂ ಶುರುವಾಗಿರಲಿಲ್ಲ.

ಆಗ ದಖನ್ನಿನ ಸ್ಥಿತಿ ಹೇಗಿತ್ತು? 1791-92ರ ಬರವನ್ನು ಜನ ಡೋಗಿ ಬರ ಎಂದು ಕರೆದರು. ಹೆಣ ಹೂಳಲು ಆಳಿಲ್ಲದೆ ಬಯಲ ತುಂಬ ತಲೆಬುರುಡೆಗಳು ಬಿದ್ದಿದ್ದವೆಂದು ಆ ಹೆಸರು. ಅದಾಗಿ ಮೂರು ವರ್ಷಕ್ಕೆ 1795ರಲ್ಲಿ ಖರ್ಡಾದಲ್ಲಿ ನಿಜಾಮ ಮರಾಠರಿಗೆ ಸೋತ, ದಂಡ ತೆತ್ತ. ದಂಡ ತೆರುವವನು ನಿಜಾಮನಾದರೂ ಅದು ಹುಟ್ಟಬೇಕಾದದ್ದು ರೈತನ ಹೊಲದಲ್ಲಿ. ಶರಣಬಸವಪ್ಪನವರು ನಡುವಯಸ್ಸಿನಲ್ಲಿ ಕಂಡ ಕಾಲ ಇದು. ತಮ್ಮ ಹೊಲದ ಜೋಳಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರನ್ನೂ ಇಟ್ಟರೆಂಬ ಕಥೆಯನ್ನು ನಮ್ಮ ಭಾಗದ ಪ್ರತಿ ಮಗುವೂ ಕೇಳಿ ಬೆಳೆಯುತ್ತದೆ. ಬರ ಬಿದ್ದ ನಾಡಿನಲ್ಲಿ ಕಾಳು ಇದ್ದವನ ಪಕ್ಕದಲ್ಲಿ ಇಲ್ಲದವನು ಕೂತು ಉಂಡದ್ದೇ ದಾಸೋಹ. ಆ ಕಾಲವನ್ನು ಬಿಟ್ಟು ಆ ಕಥೆಯನ್ನು ಓದಿದರೆ ಅದು ಬರೀ ಪವಾಡವಾಗಿ ಉಳಿಯುತ್ತದೆ.

ಮೆಕೆಂಜಿಯ ಬದುಕು ತಿರುಗಿದ್ದು 1796ರಲ್ಲಿ, ಒಬ್ಬ ಹುಡುಗ ಅವನ ಕಚೇರಿ ಸೇರಿದಾಗ. ಏಲೂರಿನ ಕಾವಲಿ ವೆಂಕಟ ಬೋರಯ್ಯನಿಗೆ ಆಗ ಇನ್ನೂ ಇಪ್ಪತ್ತು ತುಂಬಿರಬೇಕಷ್ಟೇ. ಮೆಕೆಂಜಿಗೆ ನಮ್ಮ ಯಾವ ಭಾಷೆಯೂ ಬರುತ್ತಿರಲಿಲ್ಲ. ಮೂವತ್ತೆಂಟು ವರ್ಷ ಈ ದೇಶದಲ್ಲಿ ಕಳೆದೂ ಕಲಿಯಲಿಲ್ಲ. ಬೋರಯ್ಯನಿಗೆ ತೆಲುಗು, ಸಂಸ್ಕೃತ, ಇಂಗ್ಲಿಷುಗಳ ಜೊತೆ ಇನ್ನೊಂದು ವಿದ್ಯೆ ಸಿದ್ಧಿಸಿತ್ತು: ಊರ ಹಿರಿಯರ ಮುಂದೆ ಕೂತು ಅವರ ಬಾಯಿ ಬಿಡಿಸುವುದು. ಇಂಡಿಯಾದ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಈ ಹುಡುಗನಿಂದ ಎಂದು ಮೆಕೆಂಜಿ ಬರೆದುಕೊಂಡಿದ್ದಾನೆ. 1803ರಲ್ಲಿ, ಮೂವತ್ತೂ ತುಂಬದೆ, ಬೋರಯ್ಯ ತೀರಿಕೊಂಡ. ಅವನ ಜಾಗಕ್ಕೆ ತಮ್ಮ ಲಕ್ಷ್ಮಯ್ಯ ಬಂದ. ಇನ್ನೊಬ್ಬ ತಮ್ಮ ರಾಮಸ್ವಾಮಿಯೂ ಸೇರಿದ. ಹಳಗನ್ನಡ ಶಾಸನ ಓದಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಸಿಕ್ಕಿದ. ಮೆಕೆಂಜಿಯ ಸಂಗ್ರಹ ಎಂದು ನಾವು ಕರೆಯುವುದು ವಾಸ್ತವದಲ್ಲಿ ಇವರ ಬೆವರು.

1799ರ ಕೊನೆಗೆ ಮೈಸೂರು ಸರ್ವೆಯ ಹೊಣೆ ಮೆಕೆಂಜಿಗೆ ಬಂತು. ಟಿಪ್ಪುವಿನ ರಾಜ್ಯ ಹಂಚಿಹೋಗಿ, ಒಡೆಯರಿಗೆ ಕೊಟ್ಟ ಹೊಸ ಮೈಸೂರಿಗೆ ಗಡಿ ಗುರುತಿಸಬೇಕಿತ್ತು. ಅದೇ ಹೊತ್ತಿಗೆ ಫ್ರಾನ್ಸಿಸ್ ಬುಕಾನನ್ ಬೆಳೆ-ಬೇಸಾಯದ ಲೆಕ್ಕಕ್ಕೆ ಹೊರಟ. ವಿಲಿಯಂ ಲ್ಯಾಂಬ್ಟನ್ ಭೂಮಿಯ ಆಕಾರ ಅಳೆಯುವ ತ್ರಿಕೋನಗಳನ್ನು ಹೂಡಿದ. ಮೂರು ಸರ್ವೆಗಳಲ್ಲಿ ಮೆಕೆಂಜಿಯದು ಹೆಚ್ಚು ನಿಧಾನ, ಹೆಚ್ಚು ಕಷ್ಟ. ನೆರವಿಗೆ ಜಾನ್ ಮ್ಯಾದರ್, ಆರ್ಥರ್ ಎಂಬ ಇಬ್ಬರು, ಗಿಡಮೂಲಿಕೆ ನೋಡಲು ಜರ್ಮನ್ ವೈದ್ಯ ಬೆಂಜಮಿನ್ ಹೈನೆ, ಮತ್ತೆ ಮದರಾಸಿನ ಸರ್ವೆ ಶಾಲೆಯ ಹುಡುಗರು. 1794ರಲ್ಲಿ ಅಲ್ಲಿನ ವೀಕ್ಷಣಾಲಯದಲ್ಲಿ ಶುರುವಾದ ಆ ಶಾಲೆಗೆ ಬಿಳಿಯ ಸಿಪಾಯಿಗಳ ಅನಾಥ ಮಕ್ಕಳನ್ನು ಆರಿಸಿ ಸೇರಿಸುತ್ತಿದ್ದರು. ಕಾಡು ಜ್ವರ ಒಬ್ಬೊಬ್ಬರನ್ನಾಗಿ ಕೆಡವಿತು. ಲಂಡನ್ನಿನ ಯಜಮಾನರು ಖರ್ಚು ಹೆಚ್ಚಾಯಿತೆಂದು ಹಣಕ್ಕೆ ಕತ್ತರಿ ಹಾಕಿದರು. ಹೈನೆ ಬಿಟ್ಟುಹೋದ, ಅವನ ಜಾಗಕ್ಕೆ ಬಂದ ಜಾನ್ ಲೇಡನ್ನನೂ ಬಹಳ ದಿನ ನಿಲ್ಲಲಿಲ್ಲ. ಆದರೂ ಸುಮಾರು 40,000 ಚದರ ಮೈಲಿಯ ನಾಡು ನಕ್ಷೆಗೆ ಬಂತು, ಜೊತೆಗೆ ಏಳು ಸಂಪುಟದಷ್ಟು ವಿವರ. ಹಂಪಿಯ ಪಾಳುಗಳ ಮೊದಲ ನಕ್ಷೆಯೂ ಈ ಹೊತ್ತಿನದೇ.

ಇದರ ಬದಿಯಲ್ಲೇ ಇನ್ನೊಂದು ಕೆಲಸ ನಡೆಯುತ್ತಿತ್ತು. ಲಕ್ಷ್ಮಯ್ಯನ ಕಡೆಯವರು ಒಂದೊಂದು ಊರಿಗೂ ಹೋಗಿ ಶಾನುಭೋಗರನ್ನೂ ಗೌಡರನ್ನೂ ಕಾಣುತ್ತಿದ್ದರು. ಊರು ಕಟ್ಟಿದವರು ಯಾರು, ಹೆಸರು ಹೇಗೆ ಬಂತು, ಯಾವ ಪಾಳೆಯಗಾರನ ನಂತರ ಯಾರು, ಯಾವ ದೇವರಿಗೆ ಎಷ್ಟು ಮಾನ್ಯ ಎಂದು ಕೇಳುತ್ತಿದ್ದರು. ಶಾನುಭೋಗರ ಮನೆಯ ಕಡತಗಳು ಹೊರಬರುತ್ತಿದ್ದವು. ಇಂದಿನವರಿಗೆ ಕಡತ ಎಂದರೆ ಸರ್ಕಾರಿ ಫೈಲು. ಹಳೆಯ ಕಡತ ಬೇರೆ. ಅರಿವೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಕರಿಹಲಗೆಯಂತೆ ಗಟ್ಟಿಯಾಗುತ್ತಿತ್ತು. ಅದನ್ನು ಹಿಂದೆಮುಂದೆ ಮಡಿಸಿ ಪುಸ್ತಕದಂತೆ ಮಾಡಿ ಬಳಪದಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಒರೆಸಬಹುದು, ಮಾಸಿದರೆ ಮತ್ತೆ ಬಳಿಯಬಹುದು. ತಂದೆ ಬರೆದಿಟ್ಟ ಲೆಕ್ಕದ ಮೇಲೆ ಮಗನ ಲೆಕ್ಕ ಏರುತ್ತಿತ್ತು. ಅಂಥ ಬರಹವನ್ನು ನೋಡಿ ಕಾಗದಕ್ಕೆ ಇಳಿಸಿಕೊಂಡ ಪ್ರತಿಗಳೇ ಕೈಫಿಯತ್ತುಗಳು.

ಜನ ಸುಲಭಕ್ಕೆ ಕೊಡಲಿಲ್ಲ. ಕಂಪನಿಯವನು ಮಾನ್ಯದ ಲೆಕ್ಕ ಕೇಳುತ್ತಾನೆಂದರೆ ನಾಳೆ ಮಾನ್ಯಕ್ಕೇ ಸಂಚಕಾರ ಎಂದು ಯಾವ ಪೂಜಾರಿಗೂ ಅನಿಸದೆ ಇರುತ್ತದೆಯೆ? ಆ ಅಂಜಿಕೆ ಪೂರ್ತಿ ಸುಳ್ಳೂ ಆಗಿರಲಿಲ್ಲ. ಹಾಗಾಗಿ ಕೈಫಿಯತ್ತನ್ನು ಓದುವಾಗ ಒಂದು ಎಚ್ಚರ ಬೇಕು: ಅಧಿಕಾರಿಯ ಮುಂದೆ ಹೇಳಿದ್ದು ಅದು. ತಮ್ಮ ಹಕ್ಕು ಗಟ್ಟಿಯಾಗುವಂತೆ ಹೇಳಿದ್ದೂ ಉಂಟು, ಸಲ್ಲದ್ದನ್ನು ಮರೆಸಿದ್ದೂ ಉಂಟು. ಅಷ್ಟಿದ್ದೂ ಬೇರೆಲ್ಲೂ ಸಿಗದ ದನಿ ಅವುಗಳಲ್ಲಿದೆ. 1804ರಲ್ಲಿ ಕನಕಗಿರಿ ಎಂದು ಕರೆಸಿಕೊಳ್ಳುವ ಮಲೆಯೂರಿಗೆ ಮೆಕೆಂಜಿ ಬಂದಾಗ ಅಲ್ಲಿನ ಜೈನ ಪಂಡಿತ ದೇವಚಂದ್ರ ಅವನನ್ನು ಕಂಡ, ಸ್ಥಳದ ಚರಿತ್ರೆ ಒದಗಿಸಿದ. ಆಗ ಹತ್ತಿದ ಗುಂಗು ಬಿಡಲಿಲ್ಲ. ಮುಂದೆ 1838ರಲ್ಲಿ ಆತ ಮುಗಿಸಿದ ‘ರಾಜಾವಳಿ ಕಥೆ’ ಕನ್ನಡದ ಇತಿಹಾಸ ಬರವಣಿಗೆಯಲ್ಲಿ ಒಂದು ಮೈಲಿಗಲ್ಲು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ಮೈಸೂರು ಇತಿಹಾಸಕ್ಕೂ ಮೆಕೆಂಜಿಯ ಸರಕು ಒದಗಿತು.

ಇನ್ನು ಗಡಿಯ ಮಾತು. 1800ರ ಅಕ್ಟೋಬರಿನಲ್ಲಿ ನಿಜಾಮ ತನ್ನ ರಾಜ್ಯದಲ್ಲಿ ನಿಂತ ಕಂಪನಿ ದಂಡಿನ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಎಂದು ಹೆಸರಾದದ್ದು ಇವೇ. ತುಂಗಭದ್ರೆಯ ಈಚೆ ದಡದ ರಾಯಚೂರು, ಅದರಾಚೆಗಿನ ಕಲಬುರಗಿ, ಬೀದರ್ ನಿಜಾಮನ ಬಳಿ ಉಳಿದವು. ಮೈಸೂರು ಮುಗಿಸಿದ ಮೇಲೆ ಮೆಕೆಂಜಿಯ ಸರಪಳಿ ಹೋದದ್ದು ದತ್ತಮಂಡಲಕ್ಕೆ. 1815ರ ಹೊತ್ತಿಗೆ ಅಲ್ಲಿನ ಸರ್ವೆ ಮುಗಿಯಿತು. ಬಳ್ಳಾರಿ ಕಡೆಯ ಊರುಗಳ ಕೈಫಿಯತ್ತುಗಳು ರಾಶಿಯಾಗಿ ಬಂದವು. ಹೊಳೆ ದಾಟಿದರೆ ಅದೇ ಕನ್ನಡ, ಅದೇ ಜೋಳ, ಅದೇ ವೀರಭದ್ರ, ಅದೇ ಉರುಸು. ಆದರೆ ಅಲ್ಲಿ ಹಳ್ಳಿ ಹಳ್ಳಿ ತಿರುಗುವ ಅಧಿಕಾರ ಕಂಪನಿಗೆ ಇರಲಿಲ್ಲ. ಮುಂದೆ ಮೆಕೆಂಜಿ ಇಡೀ ಇಂಡಿಯಾದ ಸರ್ವೇಯರ್ ಜನರಲ್ ಆದ ಮೇಲೆ, 1816ರಲ್ಲಿ, ಹೈದರಾಬಾದ್ ಸೀಮೆಯ ಸರ್ವೆಗೆ ಜೇಮ್ಸ್ ಗಾರ್ಲಿಂಗ್ ಇಳಿದ. 1820ರಲ್ಲಿ ಆತ ಸತ್ತ. ಮರುವರ್ಷ ಮೆಕೆಂಜಿಯೂ ಇಲ್ಲವಾದ. ಮೈಸೂರಿನಲ್ಲಿ ಆದಂಥ ಸಂಗ್ರಹ ಕಲಬುರಗಿ ಕಡೆ ಆಗಲೇ ಇಲ್ಲ. ಒಂದು ಒಪ್ಪಂದದ ಕಾಗದದಲ್ಲಿ ಎಳೆದ ಗೆರೆ ಯಾರ ನೆನಪು ಬರಹಕ್ಕೆ ಬರಬೇಕು, ಯಾರದು ಬಾಯಿಮಾತಿನಲ್ಲೇ ಉಳಿಯಬೇಕು ಎಂಬುದನ್ನು ತೀರ್ಮಾನಿಸಿಬಿಟ್ಟಿತು.

ಆದರೆ ಇದನ್ನು ಬರೀ ನಷ್ಟ ಎಂದು ಬರೆದು ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಅಮರಾವತಿಯ ಕಥೆ ಕೇಳಿ. ಕೃಷ್ಣಾ ದಂಡೆಯ ಆ ಬೌದ್ಧ ಸ್ತೂಪವನ್ನು ಅಲ್ಲಿನ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯ್ಡು ತನ್ನ ಹೊಸ ಊರಿನ ಕಟ್ಟಡಗಳಿಗೆ ಕಲ್ಲು ಇಟ್ಟಿಗೆ ಬೇಕೆಂದು ಅಗೆಸುತ್ತಿದ್ದ. ಸುದ್ದಿ ಕೇಳಿ ಮೆಕೆಂಜಿ 1790ರ ದಶಕದ ಕೊನೆಗೆ ಅಲ್ಲಿಗೆ ಹೋದ, ಲೋಕಕ್ಕೆ ತಿಳಿಸಿದ. 1816ರಲ್ಲಿ ಮತ್ತೆ ಹೋಗಿ ತನ್ನ ಚಿತ್ರಕಾರರಿಂದ ಒಂದೊಂದು ಫಲಕವನ್ನೂ ಬರೆಸುವ ಹೊತ್ತಿಗೆ ಎಷ್ಟೋ ಶಿಲ್ಪಗಳು ಸುಣ್ಣದ ಗೂಡು ಸೇರಿದ್ದವು. ಉಳಿದವು ಹಂತ ಹಂತವಾಗಿ ಮದರಾಸಿಗೂ ಲಂಡನ್ನಿಗೂ ಹೋದವು. ಇಂದು ಅಮರಾವತಿಯಲ್ಲಿ ನಿಂತು ನೋಡಿದರೆ ಕಾಣುವುದು ಒಂದು ದಿಬ್ಬ.

ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಯಾವ ಕರ್ನಲ್ಲನೂ ಬರಲಿಲ್ಲ. ಭೀಮಾ ದಂಡೆಯಲ್ಲಿ ಚಂದ್ರಲಾಂಬೆಯ ಗುಡಿಗೆ ಭಕ್ತರು ಬರುತ್ತಿದ್ದರು, ಹೋಗುತ್ತಿದ್ದರು. ಸುತ್ತಲಿನ ಹೊಲದಲ್ಲಿ ಕೆತ್ತನೆಯ ಕಲ್ಲು ಏಳುತ್ತಿದ್ದವು. ಅವುಗಳ ಬೆಲೆ ಗುರುತಿಸಿದವರು 1954ರಲ್ಲಿ ಕಪಟರಾಳ ಕೃಷ್ಣರಾಯರು. 1986ರಲ್ಲಿ ಅಲ್ಲಿನ ಕಾಳಿಯ ಗುಡಿಯ ಮಾಡು ಕುಸಿಯಿತು. ಮೂರ್ತಿ ಕೂರಿಸಿದ್ದ ಪೀಠದ ಕಲ್ಲಿನ ಮೇಲೆ ಬರಹ ಕಂಡಿತು. ಓದಿದರೆ ಅಶೋಕನ ಶಾಸನ! ಕಲ್ಲಿನ ನಡುವೆ ಮೂರ್ತಿಯ ಗೂಟಕ್ಕೆಂದು ಯಾರೋ ಪುಣ್ಯಾತ್ಮರು ಕೊರೆದ ತೂತಿಗೆ ಕೆಲವು ಸಾಲು ಬಲಿಯಾಗಿದ್ದವು, ಮಿಕ್ಕವು ಸುರಕ್ಷಿತ. 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಅಮರಾವತಿಯ ಬಳಗದ್ದೇ ಆದ ಸ್ತೂಪವೊಂದು ಫಲಕಗಳ ಸಮೇತ ಹೊರಬಿತ್ತು. ರಾಣಿ, ಸಖಿಯರ ನಡುವೆ ನಿಂತ ಅರಸನ ಚಿತ್ರ, ಅದರ ಮೇಲೆ ಬ್ರಾಹ್ಮಿಯಲ್ಲಿ ರಾಯ ಅಶೋಕ ಎಂಬ ಬರಹ. ಅಶೋಕನ ಹೆಸರು ಹೊತ್ತ ಶಿಲ್ಪ ಇನ್ನೂರು ವರ್ಷ ಮೊದಲೇ ಯಾರಾದರೊಬ್ಬ ಸರ್ವೇಯರನ ಕಣ್ಣಿಗೆ ಬಿದ್ದಿದ್ದರೆ ಇಂದು ಅದನ್ನು ನೋಡಲು ವಿಮಾನ ಹತ್ತಬೇಕಾಗುತ್ತಿತ್ತೋ ಏನೋ. ನಿಜಾಮನ ಆಡಳಿತದ ಅಸಡ್ಡೆಗೆ ಕೃತಜ್ಞತೆ ಹೇಳುವ ಪ್ರಸಂಗ ನಮ್ಮ ಇತಿಹಾಸದಲ್ಲಿ ಅಪರೂಪ, ಇದು ಅಂಥದೊಂದು.

ಮೆಕೆಂಜಿಯ ಕಡೆಗಾಲವನ್ನು ಬೇಗ ಹೇಳಿ ಮುಗಿಸಬಹುದು. 1810ರಲ್ಲಿ ಮದರಾಸಿನ ಸರ್ವೇಯರ್ ಜನರಲ್. 1811ರಿಂದ ಎರಡು ವರ್ಷ ಜಾವಾದಲ್ಲಿ ವಾಸ. ಅಲ್ಲಿ ಡಚ್ ಮೂಲದ ಪೆಟ್ರೊನೆಲ್ಲಾ ಬಾರ್ಟೆಲ್ಸಳ ಜೊತೆ ಮದುವೆ. 1815ರಲ್ಲಿ ಇಂಡಿಯಾದ ಮೊದಲ ಸರ್ವೇಯರ್ ಜನರಲ್. 1816ರಲ್ಲಿ ಮದರಾಸಿನಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಕೆಂಪು ಕೋಟಿನ ಕರ್ನಲ್ ನಿಂತಿದ್ದಾನೆ. ಸುತ್ತ ಮೂವರು ಇಂಡಿಯಾದವರು, ಒಬ್ಬನ ಕೈಯಲ್ಲಿ ದೂರದರ್ಶಕ, ಇನ್ನೊಬ್ಬನ ಕೈಯಲ್ಲಿ ತಾಳೆಗರಿ. ದೂರದ ಗುಡ್ಡದ ಮೇಲೆ ಗೊಮ್ಮಟ. ಯುರೋಪಿಗೆ ಮರಳಿ ಸಂಗ್ರಹವನ್ನೆಲ್ಲ ಪಟ್ಟಿಮಾಡಬೇಕೆಂಬ ಆಸೆ ಕೈಗೂಡಲಿಲ್ಲ. ಸತ್ತಾಗ ಅವನ ಬಳಿ ಇದ್ದದ್ದು 1,568 ಹಸ್ತಪ್ರತಿ, 2,070 ಸ್ಥಳಚರಿತ್ರೆ, 8,076 ಶಾಸನಗಳ ನಕಲು, 2,630 ಚಿತ್ರ, 6,218 ನಾಣ್ಯ. ಸಂಗ್ರಹವನ್ನು ಕಂಪನಿ ಅವನ ಹೆಂಡತಿಯಿಂದ ಸುಮಾರು ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ಎಚ್.ಎಚ್. ವಿಲ್ಸನ್ ಪಟ್ಟಿ ಪ್ರಕಟಿಸಿದ. ಇಷ್ಟೆಲ್ಲ ಕೂಡಿಸಲು ಕಾಲು ಸವೆಸಿದ ಲಕ್ಷ್ಮಯ್ಯ, ಉಳಿದ ಕೆಲಸ ತಾನು ಮುಂದುವರಿಸುತ್ತೇನೆ ಎಂದು ಅರ್ಜಿ ಹಾಕಿದ. ಬಂಗಾಳದ ಏಷ್ಯಾಟಿಕ್ ಸೊಸೈಟಿಯಲ್ಲಿ ಅದು ಜೇಮ್ಸ್ ಪ್ರಿನ್ಸೆಪ್ ಮುಂದೆ ಬಂತು. ಸಾಮಗ್ರಿ ಹೊಂದಿಸುವುದಕ್ಕೆ ಈತ ಸಾಕು, ವಿದ್ವತ್ತಿನ ಕೆಲಸ ಇವನಿಂದ ಆಗದು ಎಂಬರ್ಥದ ಉತ್ತರ ಸಿಕ್ಕಿತು. ಅಶೋಕನ ಬ್ರಾಹ್ಮಿ ಲಿಪಿ ಓದಿದ ಮಹಾನುಭಾವ ಅದೇ ಪ್ರಿನ್ಸೆಪ್. ಅವನ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ಒಂದು ತೀರ್ಮಾನದಲ್ಲಿ ಆತ ಸಣ್ಣವನಾದ.

ಸಂಗ್ರಹ ಮೂರು ಪಾಲಾಯಿತು: ಲಂಡನ್, ಕಲ್ಕತ್ತೆ, ಮದರಾಸು. ಕನ್ನಡದ ಕೈಫಿಯತ್ತುಗಳ ದೊಡ್ಡ ಪಾಲು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಅವನ್ನು ಒಟ್ಟುಮಾಡಿ ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಸಂಪಾದಿಸಿದವರು ಎಂ.ಎಂ. ಕಲಬುರ್ಗಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ಕಲಬುರ್ಗಿ ಎಂಬ ಮನೆತನದ ಹೆಸರಿನವರು ಸಂಪಾದಿಸಿದ ಹೊತ್ತಗೆಯಲ್ಲಿ ಕಲಬುರಗಿ ಸೀಮೆಗೆ ಸಿಕ್ಕ ಜಾಗ ಕಿರಿದು.

ಹಾಗೆಂದು ನಮ್ಮವರು ನೆನಪಿಡಲಿಲ್ಲವೆ? ಇಟ್ಟರು, ಬೇರೆ ರೀತಿಯಲ್ಲಿ ಇಟ್ಟರು. ಹೋಳಿ ಹುಣ್ಣಿಮೆಯಾದ ಐದನೆಯ ದಿನ ಶರಣಬಸಪ್ಪನ ತೇರು ಎಳೆಯುವಾಗ ಪರುಷ ಬಟ್ಟಲು ಎತ್ತಿ ತೋರಿಸುತ್ತಾರೆ. ಅಪ್ಪನ ಗುಡಿಯ ಮುಂದಿನ ಬಯಲು ತುಂಬ ಅಫಜಲಪುರ, ಆಳಂದ, ಕಮಲಾಪುರ, ಸೊಲ್ಲಾಪುರ ಕಡೆಯ ಜನ. ಯಾವ ಊರಿನವರು ಯಾವ ಸೇವೆಗೆ ಹಕ್ಕುದಾರರು, ಯಾರ ಹಿರಿಯರು ಶರಣರ ಪಂಕ್ತಿಯಲ್ಲಿ ಕೂತಿದ್ದರು ಎಂಬುದನ್ನು ಆ ಮನೆತನಗಳು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದಿವೆ. ಮೆಕೆಂಜಿಯ ಗುಮಾಸ್ತ ಬಂದು ಕೇಳಿದ್ದರೆ ಕೈಫಿಯತ್ತಿಗೆ ಬರುತ್ತಿದ್ದ ಮಾತುಗಳು ಇವೇ.

ಮಾತು ಹೀಗೆ ಉಳಿಯಬಹುದು, ಕಾಗದ ಉಳಿಯುವುದು ಕಷ್ಟ. ನಿಜಾಮನ ಕಾಲದ ಗೌಡಕಿ, ಕುಲಕರ್ಣಿ ಮನೆಗಳಲ್ಲಿ ಮೋಡಿಯಲ್ಲಿ, ಫಾರಸಿಯಲ್ಲಿ, ಉರ್ದುವಿನಲ್ಲಿ, ಕನ್ನಡದಲ್ಲಿ ಬರೆದ ದಫ್ತರಗಳು ಅಟ್ಟದ ಮೇಲೆ ಬಿದ್ದಿರುತ್ತವೆ. ವಾಡೆ ಬೀಳಿಸಿ ಆರ್‌ಸಿಸಿ ಮನೆ ಕಟ್ಟುವಾಗ ಅವು ಗುಜರಿಯವನ ಗಾಡಿ ಹತ್ತುತ್ತವೆ. ಮೋಡಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಅಟ್ಟದ ಮೇಲೆ ಅಂಥ ಗಂಟು ಇದ್ದರೆ ಬಿಚ್ಚಿ ನೋಡಿ, ಹಾಳೆ ಹಾಳೆಯ ಫೋಟೊ ತೆಗೆದಿಡಿ. ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ಅಥವಾ ಇತಿಹಾಸ ವಿಭಾಗದವರಿಗೆ ಒಮ್ಮೆ ತೋರಿಸದೆ ಗುಜರಿಗೆ ಕೊಡಬೇಡಿ.